ಭೋಸರಿಯ ಕ್ಯಾಮೆರಾ ಬೋರ್ಡ್: ಸ್ಕೀಮ್ಯಾಟಿಕ್ ಪರಿಶೀಲನೆಯಿಂದ ಲಿಂಕ್ ಏಳುವವರೆಗೆ

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಬೆಳಗಾವಿ ಕಡೆಯವರೊಬ್ಬರು ನಡೆಸುವ ಸಣ್ಣ ಘಟಕವೊಂದು ಯಂತ್ರಭಾಗಗಳನ್ನು ಕ್ಯಾಮೆರಾದಿಂದ ತಪಾಸಣೆ ಮಾಡುವ ಪೆಟ್ಟಿಗೆಗಳನ್ನು ತಯಾರಿಸುತ್ತದೆ. ಲೇಥಿನಿಂದ ಇಳಿದ ಭಾಗಗಳು ಕನ್ವೇಯರ್ ಮೇಲೆ ಸಾಗುತ್ತಿರುವಾಗ ಎರಡು ಕ್ಯಾಮೆರಾಗಳು ಚಿತ್ರ ತೆಗೆದು ಕಳುಹಿಸುತ್ತವೆ. ಅಂಚು ಒಡೆದದ್ದು, ರಂಧ್ರ ಓರೆಯಾದದ್ದು ಅಲ್ಲೇ ಬೇರೆಯಾಗುತ್ತದೆ. ಕ್ಯಾಮೆರಾಕ್ಕೂ ನಿಯಂತ್ರಣ ಪೆಟ್ಟಿಗೆಗೂ ನಡುವೆ ಸುಮಾರು 30 ಮೀಟರ್ ಅಂತರವಿದ್ದು, ಮಧ್ಯದಲ್ಲಿ ವೆಲ್ಡಿಂಗ್ ಯಂತ್ರಗಳೂ ಮೋಟಾರ್ ಡ್ರೈವ್‌ಗಳೂ ಇರುವುದರಿಂದ ತಾಮ್ರದ ತಂತಿಯನ್ನು ಬಿಟ್ಟು ಫೈಬರ್ ಹಿಡಿಯಬೇಕೆಂದು ಮೊದಲೇ ತೀರ್ಮಾನವಾಗಿತ್ತು. ಹೊಸ ಬೋರ್ಡಿನಲ್ಲಿ ಹೀಗಾಗಿ ಎರಡು ಎಸ್‌ಎಫ್‌ಪಿ ಕೇಜ್‌ಗಳಿವೆ (ಫೈಬರ್‌ನ ಬೆಳಕನ್ನೂ ವಿದ್ಯುತ್ ಸಂಕೇತವನ್ನೂ ಪರಸ್ಪರ ಬದಲಿಸುವ ಮಾಡ್ಯೂಲ್ ಸಿಕ್ಕಿಸುವ ಗೂಡುಗಳು), ಒಂದೊಂದರಲ್ಲಿ ಸೆಕೆಂಡಿಗೆ 1.25 ಗಿಗಾಬಿಟ್, ಅವುಗಳ ಹಿಂದೆ ಒಂದು ಆರ್ಟಿಕ್ಸ್-7 ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ಬರೆದು ತುಂಬಬಹುದಾದ ಚಿಪ್), ಅದರಿಂದ ರಾಸ್ಪ್‌ಬೆರಿ ಪೈ ಕಂಪ್ಯೂಟ್ ಮಾಡ್ಯೂಲ್ 4 ಎಂಬ ಪುಟ್ಟ ಕಂಪ್ಯೂಟರಿಗೆ ಪಿಸಿಐ ಎಕ್ಸ್‌ಪ್ರೆಸ್ ಎಂಬ ವೇಗದ ಸಂಪರ್ಕದ ಎರಡನೇ ತಲೆಮಾರಿನ ಒಂದು ಲೇನ್ (ಕಳುಹಿಸಲು ಒಂದು, ಸ್ವೀಕರಿಸಲು ಒಂದು ತಂತಿಜೋಡಿ), ಅಂದರೆ ಸೆಕೆಂಡಿಗೆ 5 ಗಿಗಾ ಟ್ರಾನ್ಸ್‌ಫರ್. ಸ್ಕೀಮ್ಯಾಟಿಕ್, ಅಂದರೆ ಸರ್ಕ್ಯೂಟಿನ ನಕ್ಷೆ, ಬರೆದವರು ಧಾರವಾಡದಿಂದ ಬಂದ ಯುವ ಎಂಜಿನಿಯರ್. ಲೇಔಟ್‌ಗೆ (ಬೋರ್ಡಿನ ಮೇಲೆ ಗೆರೆ ಎಳೆಯುವ ಹಂತಕ್ಕೆ) ಕೊಡುವ ಮುನ್ನ ಪೂರ್ತಿ ನೋಡಿಕೊಡಬೇಕೆಂದು ಮಾಲೀಕರು ನನ್ನನ್ನು ಕೇಳಿಕೊಂಡರು. ಆ ಪರಿಶೀಲನೆ ನಡೆದ ಬಗೆಯನ್ನೂ ಬೋರ್ಡ್ ಬಂದ ಮೇಲೆ ಅದು ಎಷ್ಟರಮಟ್ಟಿಗೆ ಫಲ ಕೊಟ್ಟಿತೆಂಬುದನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ.

ಸ್ಕೀಮ್ಯಾಟಿಕ್‌ನ ಹಾಳೆಗಳನ್ನು ಎ3 ಅಳತೆಯಲ್ಲಿ ಮುದ್ರಿಸಿ ಮೇಜಿನ ಮೇಲೆ ಹರಡಿಕೊಂಡೆವು. ಪರದೆಯಲ್ಲಿ ನೋಡುವಾಗ ಒಂದು ಹಾಳೆಯಿಂದ ಇನ್ನೊಂದಕ್ಕೆ ಹಾರುವ ನೆಟ್ (ತಂತಿ ಸಂಪರ್ಕ) ಹೆಸರನ್ನು ಕಣ್ಣು ನಂಬಿಬಿಡುತ್ತದೆ; ಕಾಗದದ ಮೇಲೆ ಬಣ್ಣದ ಪೆನ್ನಿನಿಂದ ಗೆರೆ ಎಳೆಯುತ್ತ ಹೋದರೆ ಪ್ರತಿ ಪಿನ್ನಿನ ಮುಂದೆ ನಿಲ್ಲಲೇಬೇಕಾಗುತ್ತದೆ. ಇದಕ್ಕೂ ಮೊದಲು ನಾನು ಮಾಡುವ ಕೆಲಸವೊಂದಿದೆ. ಬಳಸಿರುವ ಚಿಪ್ಪಿನ ಪಿನ್ ಪಟ್ಟಿಯನ್ನು ತಯಾರಕರ ಪ್ಯಾಕೇಜ್ ಫೈಲಿನಿಂದ ನೇರವಾಗಿ ತೆಗೆದು, ಸ್ಕೀಮ್ಯಾಟಿಕ್ ತಂತ್ರಾಂಶ ಹೊರಹಾಕುವ ನೆಟ್‌ಲಿಸ್ಟಿನ ಜೊತೆ ಸಾಲುಸಾಲಾಗಿ ಹೋಲಿಸುತ್ತೇನೆ. ನಕ್ಷೆಯಲ್ಲಿ ಚಿಪ್ಪನ್ನು ಸೂಚಿಸುವ ಸಿಂಬಲ್ಲನ್ನು ಯಾರೋ ಎಂದೋ ಬರೆದು ಲೈಬ್ರರಿಯಲ್ಲಿ ಇಟ್ಟಿರುತ್ತಾರೆ. ಅದರ ಮೇಲಿನ ಹೆಸರು ಡೇಟಾಶೀಟಿನದ್ದೇ ಆಗಿದ್ದರೂ ಪಿನ್ನಿನ ಸಂಖ್ಯೆ ಬೇರೆ ಪ್ಯಾಕೇಜಿನದ್ದಾಗಿರಬಹುದು. ಪಿನ್ನುಗಳ ಬದಲು ಅಡಿಯಲ್ಲಿ 484 ಬೆಸುಗೆ ಚೆಂಡುಗಳಿರುವ ಪ್ಯಾಕೇಜಿನಲ್ಲಿ ಇದನ್ನು ಕಣ್ಣಳತೆಯಿಂದ ಹಿಡಿಯಲಾಗದು. ಈ ಬೋರ್ಡಿನಲ್ಲಿ ಪಿನ್ನುಗಳೆಲ್ಲ ಸರಿಯಾಗಿದ್ದವು.

ಹೋಲಿಕೆಯ ವೇಳೆಯಲ್ಲೇ ಬೇರೊಂದು ಸಂಗತಿ ಕಣ್ಣಿಗೆ ಬಿತ್ತು. ಬಿಡಿಭಾಗಗಳ ಪಟ್ಟಿಯಲ್ಲಿ ಎಫ್‌ಪಿಜಿಎ ಹೆಸರು ಎಕ್ಸ್‌ಸಿ7ಎ100ಟಿ-1ಎಫ್‌ಜಿಜಿ484 ಎಂದಿತ್ತು. ಆ ಹೆಸರಿನಲ್ಲಿ ಅಡ್ಡಗೆರೆಯ ನಂತರದ ‘1’ ಎಂಬ ಅಂಕಿ ವೇಗದ ದರ್ಜೆಯನ್ನು ಹೇಳುತ್ತದೆ. ಆರ್ಟಿಕ್ಸ್-7ರ ಸೀರಿಯಲ್ ಟ್ರಾನ್ಸೀವರ್ (ವೇಗದ ಡೇಟಾ ಕಳುಹಿಸಿ ಸ್ವೀಕರಿಸುವ ಭಾಗ) ಆ ದರ್ಜೆಯಲ್ಲಿ ಸೆಕೆಂಡಿಗೆ 3.75 ಗಿಗಾಬಿಟ್‌ವರೆಗೆ ಮಾತ್ರ ಹೋಗುತ್ತದೆ. 2ನೇ ದರ್ಜೆಯಲ್ಲಿ, ಈ ಪ್ಯಾಕೇಜಿನಲ್ಲಿ, 6.25ರವರೆಗೆ. 5 ಗಿಗಾದ ಪಿಸಿಐ ಎಕ್ಸ್‌ಪ್ರೆಸ್ ಬೇಕಿದ್ದರೆ 1ನೇ ದರ್ಜೆ ನಡೆಯುವುದೇ ಇಲ್ಲ. ಸರ್ಕ್ಯೂಟ್ ಎಷ್ಟೇ ಚೊಕ್ಕವಾಗಿದ್ದರೂ ಖರೀದಿ ವಿಭಾಗದವರು ಆ ಒಂದು ಅಂಕಿಯನ್ನು ನೋಡಿಯೇ ಆರ್ಡರ್ ಹಾಕುತ್ತಾರೆ. ಸ್ಕೀಮ್ಯಾಟಿಕ್ ಪರಿಶೀಲನೆ ಎಂದರೆ ಬಿಡಿಭಾಗಗಳ ಪಟ್ಟಿಯ ಪರಿಶೀಲನೆಯೂ ಹೌದು ಎಂದು ನಾನು ಪಟ್ಟು ಹಿಡಿಯುವುದು ಇದೇ ಕಾರಣಕ್ಕೆ.

ಆಮೇಲೆ ಪಿಸಿಐ ಎಕ್ಸ್‌ಪ್ರೆಸ್ ಜೋಡಿಗಳನ್ನು ಕೈಗೆತ್ತಿಕೊಂಡೆವು. ಹಾಳೆಯ ಎಡಗಡೆ ಮಾಡ್ಯೂಲಿನ ಕನೆಕ್ಟರ್, ಬಲಗಡೆ ಎಫ್‌ಪಿಜಿಎ. ನಡುವೆ ‘ಪಿಸಿಐಇ_ಟಿಎಕ್ಸ್_ಪಿ’, ‘ಪಿಸಿಐಇ_ಟಿಎಕ್ಸ್_ಎನ್’ ಎಂಬ ನೆಟ್‌ಗಳು. ಎರಡೂ ತುದಿಗಳಲ್ಲಿ ಟಿಎಕ್ಸ್ ಎಂದೇ ಬರೆದಿದ್ದರಿಂದ ಚಿತ್ರ ನೋಡಲು ಬಹಳ ನೇರವಾಗಿತ್ತು. ಮಾಡ್ಯೂಲಿನ ದಾಖಲೆಯಲ್ಲಿ ಟಿಎಕ್ಸ್ ಎಂದರೆ ಮಾಡ್ಯೂಲ್ ಕಳುಹಿಸುವ ಜೋಡಿ, ಎಫ್‌ಪಿಜಿಎ ದಾಖಲೆಯಲ್ಲಿ ಟಿಎಕ್ಸ್ ಎಂದರೆ ಎಫ್‌ಪಿಜಿಎ ಕಳುಹಿಸುವ ಜೋಡಿ. ಹೆಸರಿಗೆ ಹೆಸರು ಸೇರಿಸಿದ್ದರಿಂದ ಕಳುಹಿಸುವ ಎರಡು ತುದಿಗಳು ಒಂದಕ್ಕೊಂದು ಎದುರುಬದುರಾಗಿ ನಿಂತಿದ್ದವು, ಕೇಳುವ ಎರಡು ತುದಿಗಳೂ ಹಾಗೆಯೇ. ಈ ತೊಡಕು ಹುಟ್ಟುವುದಕ್ಕೆ ಒಂದು ಕಾರಣವಿದೆ. ಕಂಪ್ಯೂಟರಿನ ಮದರ್‌ಬೋರ್ಡಿನ ಸ್ಲಾಟ್ ಕನೆಕ್ಟರಿನಲ್ಲಿ ಹೆಸರುಗಳನ್ನು ಮದರ್‌ಬೋರ್ಡಿನ ದೃಷ್ಟಿಯಿಂದ ಮಾತ್ರ ಕೊಟ್ಟಿರುತ್ತಾರೆ; ಕಳುಹಿಸುವ ಜೋಡಿ ಎಂಬ ಹೆಸರಿನ ಪಿನ್ನು ಕಾರ್ಡಿನ ಕಡೆ ರಿಸೀವರಿಗೆ ಹೋಗಬೇಕೆಂದು ನಿಯಮವೇ ಹೇಳುತ್ತದೆ. ಸ್ಲಾಟಿಗೆ ಕಾರ್ಡ್ ಮಾಡಿ ಅಭ್ಯಾಸವಾದವರು ಒಂದು ರೀತಿ ಬರೆಯುತ್ತಾರೆ, ಒಂದೇ ಬೋರ್ಡಿನ ಮೇಲೆ ಎರಡು ಚಿಪ್ ಕೂರಿಸಿದವರು ಇನ್ನೊಂದು ರೀತಿ. ನೆಟ್ ಹೆಸರಿನಲ್ಲಿ ಟಿಎಕ್ಸ್, ಆರ್‌ಎಕ್ಸ್ ಎಂದು ಬರೆಯುವುದನ್ನೇ ಬಿಟ್ಟು ‘ಮಾಡ್ಯೂಲಿನಿಂದ ಎಫ್‌ಪಿಜಿಎಗೆ’, ‘ಎಫ್‌ಪಿಜಿಎಯಿಂದ ಮಾಡ್ಯೂಲಿಗೆ’ ಎಂಬರ್ಥದ ಹೆಸರು ಕೊಡುವುದೇ ಸರಿ. ಹೊಸ ಹೆಸರು ಕೊಟ್ಟ ಕೂಡಲೇ ಎಂಜಿನಿಯರ್ ತಾವೇ ಎರಡು ಜೋಡಿಗಳನ್ನೂ ಅದಲುಬದಲು ಮಾಡಿದರು. ನಾನು ವಿವರಿಸುವ ಅಗತ್ಯವೇ ಬೀಳಲಿಲ್ಲ.

ಜೋಡಿಯೊಳಗೆ ಪಿ ಮತ್ತು ಎನ್ ಅದಲುಬದಲಾದರೆ ಅದು ಬೇರೆ ವಿಷಯ. ಪಿಸಿಐ ಎಕ್ಸ್‌ಪ್ರೆಸ್ ರಿಸೀವರ್ ಧ್ರುವ ತಿರುವುಮುರುವಾಗಿರುವುದನ್ನು ತಾನೇ ಗುರುತಿಸಿ ಸರಿಪಡಿಸಿಕೊಳ್ಳಬೇಕೆಂಬುದು ನಿಯಮ. ಎಸ್‌ಎಫ್‌ಪಿ ಕಡೆಯಲ್ಲಿ ಎಫ್‌ಪಿಜಿಎಯ ಟ್ರಾನ್ಸೀವರಿನೊಳಗೇ ಧ್ರುವ ತಿರುಗಿಸುವ ನಿಯಂತ್ರಣವಿದೆ. ಹಾಗಾಗಿ ಲೇಔಟ್ ಮಾಡುವವರಿಗೆ ಜೋಡಿ ತಿರುಚದೆ ಎಳೆಯಲು ಅನುಕೂಲವಾಗುವುದಾದರೆ ಪಿ, ಎನ್ ಬದಲಿಸಿಕೊಳ್ಳಬಹುದೆಂದು ಸ್ಕೀಮ್ಯಾಟಿಕ್‌ನಲ್ಲೇ ಟಿಪ್ಪಣಿ ಬರೆಸಿದೆವು.

ನಂತರದ ಪ್ರಶ್ನೆ ಜೋಡಿಯ ಮೇಲಿನ ಕೆಪಾಸಿಟರ್‌ಗಳದ್ದು. ಹಾಳೆಯಲ್ಲಿ ನಾಲ್ಕೂ ಗೆರೆಗಳ ಮೇಲೆ ಒಂದೊಂದು ಕೆಪಾಸಿಟರ್ ಇತ್ತು, ಬೆಲೆ 10 ನ್ಯಾನೋಫ್ಯಾರಡ್. ಈ ಬೆಲೆ ಎಲ್ಲಿಂದ ಬಂತೆಂದು ಕೇಳಿದಾಗ, “ಸರ್, ಹೋದ ಬೋರ್ಡಿನಾಗ ಸಾಟಾ ಡಿಸ್ಕಿಗೂ ಇದನ್ನೇ ಹಾಕಿದ್ವಿರೀ, ನಡೀತಿತ್ತು” ಎಂದರು. ಸಾಟಾಕ್ಕೆ ಅದು ಸರಿ. ಅಲ್ಲಿ 12 ನ್ಯಾನೋಫ್ಯಾರಡ್ ಮೀರಬಾರದೆಂಬ ಮಿತಿಯಿದೆ. ಪಿಸಿಐ ಎಕ್ಸ್‌ಪ್ರೆಸ್ಸಿನ ಮೊದಲ ಎರಡು ತಲೆಮಾರುಗಳು ಕೇಳುವುದು 75ರಿಂದ 200 ನ್ಯಾನೋಫ್ಯಾರಡ್‌ವರೆಗಿನ ಬೆಲೆಯನ್ನು. ಏಕೆ ಇಷ್ಟು ವ್ಯತ್ಯಾಸ ಎಂಬುದು ತಿಳಿದಿದ್ದರೆ ಮುಂದೆ ಯಾವ ಬೋರ್ಡಿನಲ್ಲೂ ಗೊಂದಲ ಬರುವುದಿಲ್ಲ. ಪಿಸಿಐ ಎಕ್ಸ್‌ಪ್ರೆಸ್ ಟ್ರಾನ್ಸ್‌ಮಿಟರ್ ಮಾತು ಶುರುಮಾಡುವ ಮುನ್ನ ಆ ತುದಿಯಲ್ಲಿ ಯಾರಾದರೂ ಇದ್ದಾರೆಯೇ ಎಂದು ಪರೀಕ್ಷಿಸುತ್ತದೆ. ಎರಡೂ ತಂತಿಗಳ ವೋಲ್ಟೇಜನ್ನು ಒಮ್ಮೆಲೇ ಸ್ವಲ್ಪ ಏರಿಸಿ, ಅದು ಎಷ್ಟು ನಿಧಾನವಾಗಿ ಏರುತ್ತದೆಂದು ಅಳೆಯುತ್ತದೆ. ಆಚೆ ರಿಸೀವರಿನ ಟರ್ಮಿನೇಷನ್ (ತಂತಿಯ ಕೊನೆಯ ರೆಸಿಸ್ಟರ್) ಇದ್ದರೆ ನಡುವಿನ ಕೆಪಾಸಿಟರ್ ತುಂಬಿಕೊಳ್ಳಬೇಕಾಗಿ ಏರಿಕೆ ನಿಧಾನವಾಗುತ್ತದೆ, ಇಲ್ಲದಿದ್ದರೆ ಬೇಗ. ಕೆಪಾಸಿಟರ್ ತೀರಾ ಚಿಕ್ಕದಾದರೆ ರಿಸೀವರ್ ಇದ್ದೂ ಏರಿಕೆ ಬೇಗನೆ ಮುಗಿಯುತ್ತದೆ, ಟ್ರಾನ್ಸ್‌ಮಿಟರ್ ಆಚೆ ಯಾರೂ ಇಲ್ಲವೆಂದು ತಿಳಿದು ಸುಮ್ಮನಾಗುತ್ತದೆ. ಆಗ ಆಸಿಲೋಸ್ಕೋಪಿನಲ್ಲಿ ಎಷ್ಟು ಹುಡುಕಿದರೂ ಡೇಟಾ ಕಾಣಿಸುವುದಿಲ್ಲ, ಏಕೆಂದರೆ ಡೇಟಾ ಹೊರಟೇ ಇರುವುದಿಲ್ಲ.

ಬೆಲೆಯ ಜೊತೆಗೆ ಕೆಪಾಸಿಟರ್ ಎಲ್ಲಿ ಇರಬೇಕೆಂಬುದೂ ಅಷ್ಟೇ ಮುಖ್ಯ. ಕಂಪ್ಯೂಟ್ ಮಾಡ್ಯೂಲ್ 4ರ ದಾಖಲೆಯ ಪಿನ್ ಪಟ್ಟಿಯಲ್ಲಿ, ಮಾಡ್ಯೂಲ್ ಕಳುಹಿಸುವ ಜೋಡಿಗೂ 100 ಮೆಗಾಹರ್ಟ್ಸ್ ಕ್ಲಾಕ್ ಜೋಡಿಗೂ ಕೆಪಾಸಿಟರ್ ಮಾಡ್ಯೂಲಿನ ಮೇಲೆಯೇ ಇದೆ ಎಂದೂ, ಮಾಡ್ಯೂಲ್ ಸ್ವೀಕರಿಸುವ ಜೋಡಿಗೆ ಹೊರಗೆ ಹಾಕಬೇಕೆಂದೂ ಸ್ಪಷ್ಟವಾಗಿ ಬರೆದಿದ್ದಾರೆ. ಸಮಾನ ಬೆಲೆಯ ಎರಡು ಕೆಪಾಸಿಟರ್‌ಗಳು ಸರಣಿಯಲ್ಲಿ ಕುಳಿತರೆ ಸಿಗುವುದು ಅರ್ಧ. 100ರ ಜೊತೆ 100 ಸೇರಿದರೆ 50, ಅದು 75ಕ್ಕಿಂತ ಕೆಳಗೆ. ಹೀಗಾಗಿ ಮಾಡ್ಯೂಲಿನಿಂದ ಬರುವ ಜೋಡಿಯ ಮೇಲಿನ ಎರಡು ಕೆಪಾಸಿಟರ್‌ಗಳನ್ನು ತೆಗೆಸಿ, ಎಫ್‌ಪಿಜಿಎಯಿಂದ ಹೋಗುವ ಜೋಡಿಯ ಮೇಲೆ 100 ನ್ಯಾನೋಫ್ಯಾರಡ್‌ನ 0402 ಅಳತೆಯವನ್ನು ಇರಿಸಿದೆವು.

ಅದೇ ಪಿನ್ ಪಟ್ಟಿಯಲ್ಲಿ ಕ್ಲಾಕ್ ಬೇಡಿಕೆಯ ಪಿನ್ನೊಂದಿದೆ. ಕ್ಲಾಕ್ ಬೇಕೆಂದರೆ ಸಾಧನವು ಅದನ್ನು ಕೆಳಗೆ ಎಳೆಯಬೇಕು. ಮಾಡ್ಯೂಲಿನೊಳಗೆ ಅದಕ್ಕೆ ಪುಲ್‌ಅಪ್ (ಮೇಲಕ್ಕೆ ಎಳೆದಿಡುವ ರೆಸಿಸ್ಟರ್) ಇದೆ. ಎಫ್‌ಪಿಜಿಎಗೆ ಅಂಥ ಹೆಸರಿನ ಪಿನ್ನೇ ಇಲ್ಲವಾದ್ದರಿಂದ ಸ್ಕೀಮ್ಯಾಟಿಕ್‌ನಲ್ಲಿ ಅದನ್ನು ಖಾಲಿ ಬಿಟ್ಟು ಅಡ್ಡ ಗುರುತು ಹಾಕಿದ್ದರು. ಖಾಲಿ ಬಿಟ್ಟರೆ ಕ್ಲಾಕ್ ಬೇಡ ಎಂದು ಹೇಳಿದಂತೆ. ಒಂದು ರೆಸಿಸ್ಟರ್ ಮೂಲಕ ಗ್ರೌಂಡಿಗೆ ಕಟ್ಟಿಸಿದೆವು. ವೇಗದ ಜೋಡಿಗಳನ್ನು ಎಲ್ಲರೂ ಹತ್ತು ಸಲ ನೋಡುತ್ತಾರೆ. ಲಿಂಕ್ ಏಳದಂತೆ ಮಾಡುವುದು ಬಹುಪಾಲು ಅದರ ಪಕ್ಕದಲ್ಲಿರುವ ಇಂಥ ನಿಧಾನದ ತಂತಿಗಳೇ. ಈ ಬೋರ್ಡಿನ ಪರಿಶೀಲನೆ ಮುಂದುವರಿದಂತೆ ನನ್ನ ಈ ಅಭಿಪ್ರಾಯ ಇನ್ನಷ್ಟು ಗಟ್ಟಿಯಾಯಿತು.

ಎಫ್‌ಪಿಜಿಎಯ ಟ್ರಾನ್ಸೀವರ್ ಹಾಳೆಯಲ್ಲಿ ಒಂದೇ ಒಂದು 100 ಓಮ್ ರೆಸಿಸ್ಟರ್ ಇರುತ್ತದೆ. ಚಿಪ್ಪಿನೊಳಗಿನ ಟರ್ಮಿನೇಷನ್‌ಗಳೆಲ್ಲ ಆ ಶೇಕಡ 1ರ ನಿಖರತೆಯ ರೆಸಿಸ್ಟರನ್ನು ಅಳತೆಗೋಲಾಗಿ ಇಟ್ಟುಕೊಂಡು ತಮ್ಮನ್ನು ಸರಿಹೊಂದಿಸಿಕೊಳ್ಳುತ್ತವೆ. ಸ್ಕೀಮ್ಯಾಟಿಕ್‌ನಲ್ಲಿ ಅದರ ಇನ್ನೊಂದು ತುದಿ ಗ್ರೌಂಡಿಗೆ ಹೋಗಿತ್ತು. ಯುಎಸ್‌ಬಿ ಹಬ್, ಈಥರ್ನೆಟ್ ಚಿಪ್‌ಗಳಲ್ಲಿ ಇಂಥ ಬಯಾಸ್ ರೆಸಿಸ್ಟರ್ ಗ್ರೌಂಡಿಗೇ ಹೋಗುತ್ತದೆ, ಕೈ ತಾನಾಗಿ ಹಾಗೆ ಬರೆದುಬಿಡುತ್ತದೆ. 7ನೇ ಸರಣಿಯ ಎಫ್‌ಪಿಜಿಎಗಳಲ್ಲಿ ಮಾತ್ರ ಅದು ಟ್ರಾನ್ಸೀವರಿನ 1.2 ವೋಲ್ಟ್ ಟರ್ಮಿನೇಷನ್ ಸಪ್ಲೈಗೆ ಹೋಗಬೇಕು. ಬೋರ್ಡ್ ಬಂದ ಮೇಲೆ ಈ ತಪ್ಪು ಗೊತ್ತಾದರೆ ಚೆಂಡುಗಳ ಆ ಚಿಪ್ಪಿನ (ಬಿಜಿಎ) ಕೆಳಗಿನ ವಯಾ, ಅಂದರೆ ಪದರಗಳನ್ನು ಸೇರಿಸುವ ರಂಧ್ರ, ಕೊರೆದು ತಂತಿ ಎಳೆಯುವ ಕೆಲಸ; ಹಾಳೆಯ ಮೇಲೆ ಒಂದು ಗೆರೆ ಬದಲಿಸಿದರೆ ಮುಗಿಯಿತು.

ಸಪ್ಲೈಗಳ ವಿಷಯದಲ್ಲಿ ಲೆಕ್ಕ ಹಾಕಿಯೇ ನೋಡಬೇಕು. ಟ್ರಾನ್ಸೀವರಿಗೆ 1.0 ವೋಲ್ಟಿನ ಒಂದು ಸಪ್ಲೈ, 1.2 ವೋಲ್ಟಿನ ಇನ್ನೊಂದು. ಮೊದಲನೆಯದಕ್ಕೆ 0.97ರಿಂದ 1.03, ಎರಡನೆಯದಕ್ಕೆ 1.17ರಿಂದ 1.23 ವೋಲ್ಟ್ ಮಿತಿ. ಚಿಪ್ಪಿನ ಪಿನ್ನಿನಲ್ಲಿ 10 ಕಿಲೋಹರ್ಟ್ಸ್‌ನಿಂದ 80 ಮೆಗಾಹರ್ಟ್ಸ್‌ವರೆಗಿನ ಗದ್ದಲ 10 ಮಿಲಿವೋಲ್ಟ್ ಮೀರಬಾರದು. ಸ್ಕೀಮ್ಯಾಟಿಕ್‌ನಲ್ಲಿ 1.0 ವೋಲ್ಟನ್ನು ಎಫ್‌ಪಿಜಿಎ ಕೋರಿನ ಸ್ವಿಚಿಂಗ್ ರೆಗ್ಯುಲೇಟರಿನಿಂದಲೇ ಗದ್ದಲ ತಡೆಯುವ ಒಂದು ಫೆರೈಟ್ ಬೀಡ್ ಮೂಲಕ ತೆಗೆದುಕೊಂಡಿದ್ದರು. ಬೀಡಿನ ಡೇಟಾಶೀಟಿನಲ್ಲಿ ಡಿಸಿ ರೆಸಿಸ್ಟೆನ್ಸ್ 0.1 ಓಮ್ ಎಂದಿತ್ತು. ಅದರಲ್ಲಿ 300 ಮಿಲಿಆಂಪಿಯರ್ ಹರಿದರೆ 30 ಮಿಲಿವೋಲ್ಟ್ ಅಲ್ಲೇ ಇಳಿಯುತ್ತದೆ. ತಯಾರಕರು ಕೊಟ್ಟಿರುವ ಸಡಿಲವೆಲ್ಲ ಬೀಡಿನಲ್ಲೇ ಖರ್ಚಾಗಿ, ರೆಗ್ಯುಲೇಟರಿನ ಸ್ವಂತ ವ್ಯತ್ಯಾಸಕ್ಕೆ ಏನೂ ಉಳಿಯುವುದಿಲ್ಲ. ಎರಡೂ ಸಪ್ಲೈಗಳಿಗೆ ಪ್ರತ್ಯೇಕ ಲೀನಿಯರ್ ರೆಗ್ಯುಲೇಟರ್ ಕೊಡುವುದೆಂದು ನಿರ್ಧರಿಸಿದೆವು. ಕೋರ್, ಅದರ ನಂತರ 1.0, ಕೊನೆಗೆ 1.2 ಎಂಬ ಕ್ರಮದಲ್ಲಿ ಅವು ಏಳುವಂತೆ ಒಂದರ ಪವರ್‌ಗುಡ್ ಪಿನ್ನನ್ನು ಮತ್ತೊಂದರ ಎನೇಬಲ್‌ಗೆ ಸೇರಿಸಿದೆವು. ಖರ್ಚು ಸ್ವಲ್ಪ ಹೆಚ್ಚಿತು. ಮಾಲೀಕರು ಕಾರಣ ಕೇಳಿ ತಿಳಿದುಕೊಂಡು ಒಪ್ಪಿದರು.

ಕ್ಲಾಕ್‌ಗಳ ಹಾಳೆ ಚಿಕ್ಕದು. ನಾಲ್ಕು ಚಾನೆಲ್‌ಗಳ ಒಂದು ಗುಂಪಿಗೆ ಚಿಪ್ಪಿನೊಳಗೆ ಎರಡು ಪಿಎಲ್‌ಎಲ್ (ಕ್ಲಾಕನ್ನು ಗುಣಿಸುವ ಸರ್ಕ್ಯೂಟ್), ಎರಡು ರೆಫರೆನ್ಸ್ ಕ್ಲಾಕ್ ಜೋಡಿ ಇವೆ. ಪಿಸಿಐ ಎಕ್ಸ್‌ಪ್ರೆಸ್ಸಿಗೆ ಮಾಡ್ಯೂಲಿನ 100 ಮೆಗಾಹರ್ಟ್ಸ್, ಎಸ್‌ಎಫ್‌ಪಿಗಳಿಗೆ ಬೋರ್ಡಿನ ಮೇಲಿನ 125 ಮೆಗಾಹರ್ಟ್ಸ್ ಆಸಿಲೇಟರ್. ಒಂದನ್ನು 25ರಿಂದ, ಇನ್ನೊಂದನ್ನು 20ರಿಂದ ಗುಣಿಸಿದರೆ ಎರಡೂ ಪಿಎಲ್‌ಎಲ್ 2.5 ಗಿಗಾಹರ್ಟ್ಸ್‌ನಲ್ಲಿ ನಿಲ್ಲುತ್ತವೆ, ಲೆಕ್ಕ ಕೂಡಿಬಂತು. ತೊಂದರೆ ಇದ್ದದ್ದು ಆಸಿಲೇಟರ್ ಜೋಡಣೆಯಲ್ಲಿ. ಅದರ ಎಲ್‌ವಿಡಿಎಸ್ ಬಗೆಯ ಔಟ್‌ಪುಟ್ಟಿನ ನಡುಮಟ್ಟ ಸುಮಾರು 1.2 ವೋಲ್ಟ್, ಟ್ರಾನ್ಸೀವರ್ ತನ್ನ ಕ್ಲಾಕ್ ಪಿನ್ನನ್ನು 1.0 ವೋಲ್ಟ್ ಸಪ್ಲೈಯ ಐದರಲ್ಲಿ ನಾಲ್ಕು ಪಾಲಿನಲ್ಲಿ, ಅಂದರೆ 0.8 ವೋಲ್ಟಿನಲ್ಲಿ ಹಿಡಿದಿಟ್ಟಿರುತ್ತದೆ. ನೇರ ತಂತಿಯ ಬದಲು ನಡುವೆ ಕೆಪಾಸಿಟರ್ ಜೋಡಿ ಸೇರಿಸಿ, ಹೊರಗೆ ಹಾಕಿದ್ದ 100 ಓಮ್ ರೆಸಿಸ್ಟರನ್ನು ತೆಗೆಸಿದೆವು. ಟರ್ಮಿನೇಷನ್ ಚಿಪ್ಪಿನೊಳಗೇ ಇದೆ.

ಇಡೀ ಪರಿಶೀಲನೆಯಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಕಾನ್ಫಿಗರೇಷನ್ ಫ್ಲಾಶ್. ಇದಕ್ಕೂ ಹೈಸ್ಪೀಡ್ ಲಿಂಕ್‌ಗೂ ಏನು ಸಂಬಂಧ ಎಂದು ಎಂಜಿನಿಯರ್ ಕೇಳಿದ್ದು ಸಹಜವಾಗಿಯೇ ಇತ್ತು. ಪವರ್ ಬಂದಾಗ ಎಫ್‌ಪಿಜಿಎ ಏನೂ ಬರೆಯದ ಹಲಗೆಯಂತಿರುತ್ತದೆ. ಫ್ಲಾಶ್‌ನಿಂದ ತನ್ನ ಸರ್ಕ್ಯೂಟನ್ನು ಓದಿಕೊಂಡ ಮೇಲೆಯೇ ಅದು ಪಿಸಿಐ ಎಕ್ಸ್‌ಪ್ರೆಸ್ ಸಾಧನವಾಗುತ್ತದೆ. ಪಿಸಿಐ ಎಕ್ಸ್‌ಪ್ರೆಸ್ ಕಾರ್ಡಿನ ನಿಯಮದಂತೆ ಪವರ್ ನೆಲೆಗೊಂಡ ಮೇಲೆ ರೀಸೆಟ್ ಬಿಡಲು ಕನಿಷ್ಠ 100 ಮಿಲಿಸೆಕೆಂಡ್ ಸಿಗುತ್ತದೆ, ರೀಸೆಟ್ ಬಿಟ್ಟ 20 ಮಿಲಿಸೆಕೆಂಡಿನೊಳಗೆ ಸಾಧನ ಲಿಂಕ್ ಟ್ರೇನಿಂಗ್‌ಗೆ (ಎರಡು ತುದಿಗಳು ಹೊಂದಿಕೊಳ್ಳುವ ಮೊದಲ ಮಾತುಕತೆಗೆ) ಸಿದ್ಧವಾಗಿರಬೇಕು. ಎಕ್ಸ್‌ಸಿ7ಎ100ಟಿಯ ಬಿಟ್‌ಸ್ಟ್ರೀಮ್, ಅಂದರೆ ಫ್ಲಾಶ್‌ನಲ್ಲಿರುವ ಆ ಸರ್ಕ್ಯೂಟಿನ ವಿವರ, 3,06,06,304 ಬಿಟ್. ಸ್ಕೀಮ್ಯಾಟಿಕ್‌ನಲ್ಲಿ ಫ್ಲಾಶ್‌ನಿಂದ ಒಂದೇ ಡೇಟಾ ತಂತಿ ಬಂದಿತ್ತು. ಬರೆಯದಂತೆ ತಡೆಯುವ ಪಿನ್ನನ್ನೂ ಹೋಲ್ಡ್ ಪಿನ್ನನ್ನೂ ನೇರವಾಗಿ 3.3 ವೋಲ್ಟಿಗೆ ಕಟ್ಟಿದ್ದರು. ಒಂದೇ ತಂತಿಯಲ್ಲಿ, 3 ಮೆಗಾಹರ್ಟ್ಸ್‌ನ ಆರಂಭದ ವೇಗದಲ್ಲಿ ಇದನ್ನು ಓದಲು 10 ಸೆಕೆಂಡ್ ಮೀರುತ್ತದೆ. ಅಷ್ಟರಲ್ಲಿ ಮಾಡ್ಯೂಲಿನ ಲಿನಕ್ಸ್ ಪಿಸಿಐ ಎಕ್ಸ್‌ಪ್ರೆಸ್ ಬಾಗಿಲು ತಟ್ಟಿ ನೋಡಿ, ಯಾರೂ ಓಗೊಡದಿದ್ದಾಗ ‘ಲಿಂಕ್ ಡೌನ್’ ಎಂದು ಬರೆದು ಮುಂದೆ ಹೋಗಿರುತ್ತದೆ. ನಾಲ್ಕು ತಂತಿಗಳಲ್ಲಿ 50 ಮೆಗಾಹರ್ಟ್ಸ್‌ನಲ್ಲಿ ಓದಿದರೆ 153 ಮಿಲಿಸೆಕೆಂಡ್ ಸಾಕು. ಕಾರ್ಡಿನ ಕಟ್ಟುನಿಟ್ಟಾದ ನಿಯಮಕ್ಕೆ ಅದೂ ತುಸು ಹೆಚ್ಚೇ. ಆದರೆ ಇಲ್ಲಿ ಆಚೆ ಇರುವುದು ಬೂಟ್ ಆಗಲು ಸೆಕೆಂಡುಗಳನ್ನೇ ತೆಗೆದುಕೊಳ್ಳುವ ಮಾಡ್ಯೂಲ್ ಆದ್ದರಿಂದ ಧಾರಾಳವಾಗಿ ಸಮಯ ಸಿಗುತ್ತದೆ.

ಹೀಗಾಗಿ ಫ್ಲಾಶ್‌ನ ಆ ಎರಡು ಪಿನ್ನುಗಳನ್ನು 3.3 ವೋಲ್ಟಿನಿಂದ ಬಿಡಿಸಿ ಎಫ್‌ಪಿಜಿಎಯ ಡಿ2 ಮತ್ತು ಡಿ3 ಎಂಬ ಡೇಟಾ ಪಿನ್ನುಗಳಿಗೆ ಪುಲ್‌ಅಪ್ ಸಮೇತ ಸೇರಿಸಿದೆವು. ಚಿಪ್ಪಿನ ಒಳಗಿನ ಕಾನ್ಫಿಗರೇಷನ್ ಕ್ಲಾಕ್ ಹೇಳಿದ ಬೆಲೆಗಿಂತ ಶೇಕಡ 50ರವರೆಗೆ ಆಚೀಚೆ ಆಗಬಹುದಾದ್ದರಿಂದ, ಹೊರಗಿನ 50 ಮೆಗಾಹರ್ಟ್ಸ್ ಕ್ಲಾಕ್ ಪಿನ್ನಿಗೂ ಒಂದು ಆಸಿಲೇಟರ್ ಕೊಟ್ಟೆವು. ಮೋಡ್ ಪಿನ್ನುಗಳು 001 ಇವೆಯೇ, ಕಾನ್ಫಿಗರೇಷನ್ ಬ್ಯಾಂಕ್ 3.3 ವೋಲ್ಟಿನದಾಗಿರುವಾಗ ವೋಲ್ಟೇಜ್ ಆಯ್ಕೆಯ ಪಿನ್ನು ಆ ಬ್ಯಾಂಕಿನ ಸಪ್ಲೈಗೇ ಹೋಗಿದೆಯೇ ಎಂಬುದನ್ನೂ ಅಲ್ಲಿಯೇ ನೋಡಿದೆವು, ಇವೆರಡೂ ಸರಿಯಾಗಿದ್ದವು.

ಎಸ್‌ಎಫ್‌ಪಿ ಹಾಳೆಯಲ್ಲಿ ಡೇಟಾ ಜೋಡಿಗಳ ಮೇಲೆ ಕೆಪಾಸಿಟರ್‌ಗಳಿದ್ದವು. ಎಸ್‌ಎಫ್‌ಪಿ ಮಾಡ್ಯೂಲಿನೊಳಗೆ ಕಳುಹಿಸುವ, ಸ್ವೀಕರಿಸುವ ಎರಡೂ ಕಡೆ ಕೆಪಾಸಿಟರ್ ಇರಬೇಕೆಂಬುದು ತಯಾರಕರ ನಡುವಿನ ಒಪ್ಪಂದದಲ್ಲೇ ಇದೆ. 1.25 ಗಿಗಾಬಿಟ್‌ನಲ್ಲಿ ಹೆಚ್ಚುವರಿ ಕೆಪಾಸಿಟರ್ ಲಿಂಕನ್ನು ಕೆಡಿಸುವುದಿಲ್ಲ. ಆದರೂ ಕೆಲಸವಿಲ್ಲದ ಭಾಗ ದಾರಿಯಲ್ಲಿ ಇರಬಾರದೆಂದು ತೆಗೆಸಿದೆ. ನಿಜವಾದ ತಪ್ಪು ಬೇರೆ ಕಡೆ ಇತ್ತು. ಪ್ರತಿ ಎಸ್‌ಎಫ್‌ಪಿಯೊಳಗಿನ ಗುರುತಿನ ಮೆಮೊರಿ ಐ2ಸಿ ಎಂಬ ಎರಡು ತಂತಿಗಳ ನಿಧಾನದ ಬಸ್ಸಿನಲ್ಲಿ 0ಎಕ್ಸ್50 ಎಂಬ ಒಂದೇ ವಿಳಾಸಕ್ಕೆ ಓಗೊಡುತ್ತದೆ, ಬದಲಿಸಲು ಪಿನ್ನೂ ಇಲ್ಲ. ಎರಡು ಕೇಜ್‌ಗಳನ್ನು ಒಂದೇ ಬಸ್ಸಿಗೆ ಕಟ್ಟಿದ್ದರು. ಒಂದು ಮಾಡ್ಯೂಲ್ ಇಟ್ಟು ಪರೀಕ್ಷಿಸಿದಾಗ ಎಲ್ಲವೂ ಸರಿ, ಎರಡನೆಯದು ಇಟ್ಟ ಕೂಡಲೇ ಓದಿದ್ದೆಲ್ಲ ಕಲಸಿಹೋಗುತ್ತದೆ. ಎಫ್‌ಪಿಜಿಎಯಲ್ಲಿ ಪಿನ್ನುಗಳು ಬೇಕಾದಷ್ಟಿದ್ದುದರಿಂದ ಬಸ್ ಬದಲಿಸಿಕೊಡುವ ಮಕ್ಸ್ ಚಿಪ್ ಹಾಕದೆ ಎರಡು ಪ್ರತ್ಯೇಕ ಬಸ್ ಮಾಡಿದೆವು. ಲೇಸರ್ ಆರಿಸುವ ಪಿನ್ನಿಗೆ ಮಾಡ್ಯೂಲಿನೊಳಗೇ ಪುಲ್‌ಅಪ್ ಇದೆ. ಎಫ್‌ಪಿಜಿಎ ಎಚ್ಚರವಾಗಿ ಅದನ್ನು ಕೆಳಗೆ ಎಳೆಯುವವರೆಗೂ ಲೇಸರ್ ಆರಿಯೇ ಇರುತ್ತದೆ, ಅದು ಒಳ್ಳೆಯದೇ. ಬೆಳಕಿಲ್ಲ ಎಂದು ಸೂಚಿಸುವ ಪಿನ್ನು ಓಪನ್ ಕಲೆಕ್ಟರ್ (ಕೆಳಗೆ ಮಾತ್ರ ಎಳೆಯಬಲ್ಲದ್ದು) ಆಗಿರುವುದರಿಂದ ಅದಕ್ಕೆ 4.7 ಕಿಲೋಓಮ್ ಪುಲ್‌ಅಪ್ ಸೇರಿಸಿದೆವು.

ನಾಲ್ಕು ಚಾನೆಲ್‌ಗಳಲ್ಲಿ ಒಂದು ಉಳಿದಿತ್ತು. ಅದನ್ನು ಟೆಸ್ಟ್ ಪಾಯಿಂಟ್‌ಗಳಿಗೆ ತರಬೇಕೆಂಬುದು ಮೊದಲ ಯೋಚನೆಯಾಗಿತ್ತು. ಪ್ರೋಬ್ ಇಟ್ಟರೆ ಇಂಥ ಗೆರೆಯ ಸ್ವಭಾವವೇ ಬದಲಾಗುತ್ತದೆ. ಆ ಚಾನೆಲ್‌ನ ಟ್ರಾನ್ಸ್‌ಮಿಟರನ್ನು ಎರಡು ಕೆಪಾಸಿಟರ್ ಮೂಲಕ ಅದರದೇ ರಿಸೀವರಿಗೆ ಸುತ್ತಿಸಿ, ಪಿಸಿಐ ಎಕ್ಸ್‌ಪ್ರೆಸ್ ಗೆರೆಯಷ್ಟೇ ಉದ್ದವಿರುವಂತೆ ಎಳೆಸಿದರೆ, ಮಾಡ್ಯೂಲ್ ಇಲ್ಲದೆಯೂ ಬೋರ್ಡಿನ ಗುಣವನ್ನು 5 ಗಿಗಾಬಿಟ್‌ನಲ್ಲಿ ಪರೀಕ್ಷಿಸಬಹುದು. ಹಾಗೆಯೇ ಮಾಡಿದೆವು.

ತಿದ್ದುಪಡಿಗಳೆಲ್ಲ ಮುಗಿದ ಮೇಲೆ ಲೇಔಟ್‌ಗೆ ಕೊಡುವ ಮುನ್ನ ಎಫ್‌ಪಿಜಿಎ ವಿನ್ಯಾಸದ ವಿವಾಡೋ ತಂತ್ರಾಂಶದಲ್ಲಿ ಒಂದು ಬರಿದಾದ ಡಿಸೈನ್ ಮಾಡಿಸಿದೆ. ಪಿಸಿಐ ಎಕ್ಸ್‌ಪ್ರೆಸ್ ಕೋರ್, ಎರಡು 1.25 ಗಿಗಾಬಿಟ್ ಟ್ರಾನ್ಸೀವರ್, ಕ್ಲಾಕ್‌ಗಳು, ರೀಸೆಟ್ ಇಷ್ಟೇ. ಪಿನ್ನುಗಳು ಮಾತ್ರ ಸ್ಕೀಮ್ಯಾಟಿಕ್‌ನಿಂದ ತೆಗೆದವು. ಇಂಪ್ಲಿಮೆಂಟೇಷನ್ ಕೊನೆಯವರೆಗೂ ಓಡಿದರೆ ಚಿಪ್ ಆ ಜೋಡಣೆಯನ್ನು ಒಪ್ಪಿತೆಂದೇ ಅರ್ಥ. ಪಿಸಿಐ ಎಕ್ಸ್‌ಪ್ರೆಸ್ ಕೋರ್ ತನ್ನ ಲೇನ್‌ಗೆ ಆರಿಸಿಕೊಳ್ಳುವ ಚಾನೆಲ್ ನಾವು ಕೊಟ್ಟದ್ದಕ್ಕಿಂತ ಬೇರೆಯಾಗಿತ್ತು. ಬಲವಂತವಾಗಿ ಬದಲಿಸಲು ದಾರಿಯಿದ್ದರೂ ಕೋರಿನ ಆಯ್ಕೆಗೇ ಸ್ಕೀಮ್ಯಾಟಿಕ್‌ನ ಜೋಡಿಯನ್ನು ಸರಿಸಿದೆವು. ಕಾಗದದ ಮೇಲಿನ ಪರಿಶೀಲನೆ ಎಷ್ಟೇ ಆಳವಾಗಿದ್ದರೂ ಈ ಹೆಜ್ಜೆಯನ್ನು ಯಾರೂ ಬಿಡಬಾರದು. ಇದಕ್ಕೆ ಬೇಕಾದದ್ದು ಒಂದು ಕಂಪ್ಯೂಟರ್ ಮಾತ್ರ.

ಲೇಔಟಿನ ಬಗ್ಗೆ ಹೇಳುವುದು ಕಡಿಮೆ. ಎಂಟು ಪದರದ ಸಾಮಾನ್ಯ ಎಫ್‌ಆರ್-4 ಬೋರ್ಡ್, ಪಿಸಿಐ ಎಕ್ಸ್‌ಪ್ರೆಸ್ ಗೆರೆ ಒಂದು ಗೇಣಿಗಿಂತ ಕಡಿಮೆ. 5 ಗಿಗಾದಲ್ಲಿ ಒಂದು ಬಿಟ್ಟಿನ ಕಾಲ 200 ಪಿಕೋಸೆಕೆಂಡ್, ಎಸ್‌ಎಫ್‌ಪಿಯಲ್ಲಿ 800. ಇಷ್ಟು ಚಿಕ್ಕ ದೂರಕ್ಕೆ ಗೆರೆಗಳ ಕೆಳಗೆ ಗ್ರೌಂಡ್ ತುಂಡಾಗದಂತೆ ನೋಡಿಕೊಂಡರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ.

ಬೋರ್ಡ್‌ಗಳು ಬಂದ ಮೇಲೆ ಮೊದಲು ಪವರ್ ಕೊಡದೆ ಪ್ರತಿ ಸಪ್ಲೈಗೂ ಗ್ರೌಂಡಿಗೂ ನಡುವಿನ ರೆಸಿಸ್ಟೆನ್ಸ್ ಅಳೆದೆವು. ನಂತರ ಸಪ್ಲೈಗಳು ಏಳುವ ಕ್ರಮವನ್ನು ಸ್ಕೋಪಿನಲ್ಲಿ ನೋಡಿದೆವು. ಗದ್ದಲ ಅಳೆಯುವಾಗ ಪ್ರೋಬಿನ ಮೊಸಳೆ ಕ್ಲಿಪ್ಪಿನ ಉದ್ದ ತಂತಿ ಬಿಚ್ಚಿ, ತುದಿಗೆ ಸ್ಪ್ರಿಂಗ್ ಗ್ರೌಂಡ್ ಹಾಕಿ, ಚಿಪ್ಪಿನ ಹಿಂಬದಿಯ ಕೆಪಾಸಿಟರ್ ಮೇಲೆಯೇ ಇಟ್ಟೆವು. ಸ್ಕೋಪಿನ 20 ಮೆಗಾಹರ್ಟ್ಸ್ ಮಿತಿಯನ್ನು ತೆಗೆದುಹಾಕಿದೆವು, ಏಕೆಂದರೆ ನಿಯಮ ಹೇಳುವುದು 80ರವರೆಗಿನ ಗದ್ದಲದ ಬಗ್ಗೆ. 1.0 ವೋಲ್ಟ್ ಸಪ್ಲೈಯಲ್ಲಿ ಸುಮಾರು 6 ಮಿಲಿವೋಲ್ಟ್ ಕಂಡಿತು.

ಆಮೇಲೆ ಬಿಟ್‌ಗಳ ತಪ್ಪನ್ನು ಎಣಿಸುವ, ವಿವಾಡೋದ ಐಬರ್ಟ್ ಪರೀಕ್ಷೆ. ಸುತ್ತಿಸಿದ ನಾಲ್ಕನೇ ಚಾನೆಲ್‌ನಲ್ಲಿ 5 ಗಿಗಾಬಿಟ್ ವೇಗದಲ್ಲಿ ಪಿಆರ್‌ಬಿಎಸ್-31 ಎಂಬ, ಯಾದೃಚ್ಛಿಕದಂತೆ ಕಾಣುವ ಬಿಟ್‌ಗಳ ಮಾದರಿ ಓಡಿಸಿದೆವು. ಒಂದು ಲಕ್ಷ ಕೋಟಿ ಬಿಟ್‌ಗೆ ಒಂದಕ್ಕಿಂತ ಕಡಿಮೆ ತಪ್ಪು ಎಂದು ಶೇಕಡ 95ರ ಭರವಸೆಯಿಂದ ಹೇಳಲು ಅದರ ಮೂರರಷ್ಟು ಬಿಟ್‌ಗಳನ್ನು ತಪ್ಪಿಲ್ಲದೆ ದಾಟಿಸಬೇಕು. 5 ಗಿಗಾಬಿಟ್‌ನಲ್ಲಿ ಅದಕ್ಕೆ 10 ನಿಮಿಷ, 1.25ರಲ್ಲಿ 40 ನಿಮಿಷ. ಎಸ್‌ಎಫ್‌ಪಿಗಳಿಗೆ ಫೈಬರ್ ತುಂಡೊಂದನ್ನು ಸುತ್ತಿಸಿ ಹಾಕಿ ಅಷ್ಟು ಹೊತ್ತು ಬಿಟ್ಟೆವು. ತಪ್ಪುಗಳ ಎಣಿಕೆ ಸೊನ್ನೆಯಲ್ಲೇ ಉಳಿಯಿತು, ಸಂಕೇತದ ಗುಣ ತೋರಿಸುವ ಐ ಸ್ಕ್ಯಾನಿನ ಕಣ್ಣು ಅಗಲವಾಗಿ ತೆರೆದುಕೊಂಡಿತ್ತು.

ಮಾಡ್ಯೂಲ್ ಕೂರಿಸಿದಾಗ ಲಿನಕ್ಸ್ ದಾಖಲೆಯಲ್ಲಿ ‘ಲಿಂಕ್ ಅಪ್, 5.0 ಜಿಟಿ’ ಎಂದು ಬಂತು. ಒಂದು ಬೋರ್ಡಿನಲ್ಲಿ ಮಾತ್ರ 2.5 ಎಂದು ಬಂದು ಅಲ್ಲೇ ನಿಂತಿತು. ಅದೇ ಬೋರ್ಡಿನ ನಾಲ್ಕನೇ ಚಾನೆಲ್ 5 ಗಿಗಾಬಿಟ್‌ನಲ್ಲಿ ಒಂದೂ ತಪ್ಪಿಲ್ಲದೆ ಓಡುತ್ತಿದ್ದುದರಿಂದ ಸಪ್ಲೈ, ಚಿಪ್, ಬೋರ್ಡಿನ ಪದರಗಳ ಮೇಲೆ ಸಂಶಯ ಉಳಿಯಲಿಲ್ಲ. ಹುಡುಕಬೇಕಾದದ್ದು ಆ ಒಂದು ಲೇನ್‌ನಲ್ಲೇ. ಮೈಕ್ರೋಸ್ಕೋಪಿನ ಕೆಳಗೆ ಓರೆಯಾಗಿ ಬೆಳಕು ಬಿಟ್ಟು ನೋಡಿದಾಗ ಎನ್ ಗೆರೆಯ ಕೆಪಾಸಿಟರಿನ ಒಂದು ತುದಿ ಪ್ಯಾಡಿನಿಂದ ಕೂದಲೆಳೆಯಷ್ಟು ಮೇಲೆದ್ದಿತ್ತು, ಬೆಸುಗೆ ಇನ್ನೊಂದು ತುದಿಯಲ್ಲಿ ಮಾತ್ರ ಹಿಡಿದಿತ್ತು. ಜೋಡಿಯ ಒಂದೇ ಕಾಲಿನ ಮೇಲೆ ಲಿಂಕ್ ಕಡಿಮೆ ವೇಗದಲ್ಲಿ ನಿಂತುಕೊಂಡಿತ್ತು. ಬದಲಿಸಲು ಪುಣೆಯ ಬುಧವಾರ ಪೇಠೆಯಿಂದ ತಂದ ಕೆಪಾಸಿಟರ್ ಪಟ್ಟಿ ಕೈಯಲ್ಲಿತ್ತು. ಇಂಥ ಸೆರಾಮಿಕ್ ಕೆಪಾಸಿಟರಿನ ಮೈಮೇಲೆ ಯಾವ ಗುರುತೂ ಇರುವುದಿಲ್ಲ. 10 ನ್ಯಾನೋಫ್ಯಾರಡಿನದೂ 100ರದೂ ನೋಡಲು ಒಂದೇ. ಎಲ್‌ಸಿಆರ್ ಮೀಟರಿನಲ್ಲಿ ಅಳೆದುಕೊಂಡೇ ಬೆಸುಗೆ ಹಾಕಿದೆವು. ಲಿಂಕ್ 5.0ಕ್ಕೆ ಏರಿತು.

ಮುಂದಿನ ಆವೃತ್ತಿಗೆ ಒಂದು ಬದಲಾವಣೆ ಗೊತ್ತಾಗಿದೆ. ಬೋರ್ಡ್ ಓಡುತ್ತಿರುವಾಗಲೇ ಎರಡನೇ ಎಸ್‌ಎಫ್‌ಪಿಯನ್ನು ಕೇಜ್‌ಗೆ ತಳ್ಳಿದರೆ ಮೊದಲನೆಯದರ 3.3 ವೋಲ್ಟ್ ಸಪ್ಲೈ ಕ್ಷಣಕಾಲ 3.135 ವೋಲ್ಟಿನ ಕೆಳಮಿತಿಗೆ ತೀರ ಹತ್ತಿರ ಇಳಿಯುತ್ತದೆ. ಲಿಂಕ್ ಕಡಿದಿಲ್ಲ. ಆದರೂ ಪ್ರತಿ ಕೇಜ್‌ಗೂ ನಿಧಾನವಾಗಿ ತೆರೆದುಕೊಳ್ಳುವ ಒಂದೊಂದು ಲೋಡ್ ಸ್ವಿಚ್ ಸೇರಿಸಿ, ಅದರ ಎನೇಬಲ್ ಪಿನ್ನನ್ನು ಮಾಡ್ಯೂಲ್ ಇದೆಯೇ ಎಂದು ಹೇಳುವ ಪಿನ್ನಿನ ಮೇಲೆ ನಡೆಸುವ ಹಾಳೆಯನ್ನು ಎಂಜಿನಿಯರ್ ಈಗಾಗಲೇ ಬರೆದು ಕಳುಹಿಸಿದ್ದಾರೆ. ಅದರ ಪರಿಶೀಲನೆ ಈ ವಾರ ನಡೆಯಲಿದೆ.